ದೆವ್ವಕ್ಕೂ ಟೈಂಟೇಬಲ್ಲಾ?

ಅಕ್ಟೋಬರ್ 31ಕ್ಕೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳ ಹ್ಯಾಲೋವೀನ್. ಆಟಗಳ ಪಟ್ಟಿ ವಾಟ್ಸಾಪ್ ಗುಂಪಿಗೆ ಬಂತು. 5:30ಕ್ಕೆ ಟಿಶ್ಯೂ ಸುತ್ತಿ ಈಜಿಪ್ಟಿನ ಮಮ್ಮಿ ಮಾಡೋದು, 5:50ಕ್ಕೆ ನೀರಲ್ಲಿ ತೇಲೋ ಸೇಬು ಕಚ್ಚೋದು, 6:10ಕ್ಕೆ ರಿಟರ್ನ್ ಗಿಫ್ಟ್. ಕೊನೆಗೆ ದಪ್ಪ ಅಕ್ಷರದಲ್ಲಿ: ಮಕ್ಕಳಿಗೆ ಭಯ ಆಗಬಾರದು.

ಗುಂಪಲ್ಲಿ ಜಗಳ ಶುರುವಾಗಿದ್ದು ಮಾತ್ರ ಬೇರೆ ವಿಷಯಕ್ಕೆ. 'ಮರುದಿನವೇ ರಾಜ್ಯೋತ್ಸವ, ಈ ಅಮೆರಿಕದ ದೆವ್ವ ನಮಗ್ಯಾಕೆ?' ಸ್ವಾಮಿ, ಅಮೆರಿಕಕ್ಕೂ ಅದು ಐರ್ಲೆಂಡಿನಿಂದ ವಲಸೆ ಹೋದದ್ದೇ. ಮನೆಮನೆ ಬಾಗಿಲಿಗೆ ಹೋಗೋದು ನಮಗೂ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಮಧುಗಿರಿ ಕಡೆಯ ನಮ್ಮೂರಲ್ಲಿ ಹುಡುಗರೆಲ್ಲ ಮಣ್ಣಿನ ಮಳೆರಾಯನನ್ನು ಹಲಗೆ ಮೇಲಿಟ್ಟು, ತಲೆ ಮೇಲೆ ಹೊತ್ತು ಬೀದಿ ಸುತ್ತುತ್ತಿದ್ದೆವು. ಮನೆಯವರು ನೀರು ಸುರಿದು ರಾಗಿಹಿಟ್ಟು ಕೊಡುತ್ತಿದ್ದರು.

ನನ್ನ ತಕರಾರು ಹಬ್ಬದ ಮೇಲಲ್ಲ, ಆ ಪಟ್ಟಿಯ ಮೇಲೆ. ಕರೆಂಟು ಹೋದ ರಾತ್ರಿ ನಮ್ಮದು ಒಂದೇ ಆಟ: ಊರಾಚೆಯ ಹುಣಸೆಮರ ಮುಟ್ಟಿ, ಗುರುತಿಗೆ ಒಂದು ಎಲೆ ಕಿತ್ತು ತರಬೇಕು. ಆ ಮರಕ್ಕೆ ದೆವ್ವ ಹತ್ತಿಸಿದವರೂ ನಾವೇ, ಹೆದರಿ ಓಡಿದವರೂ ನಾವೇ. ಚಿಕ್ಕವರ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದವರೂ ನಮ್ಮೊಳಗಿನ ದೊಡ್ಡವರೇ. ಆ ಧೈರ್ಯವನ್ನು ಯಾವ ಅಪ್ಪ-ಅಮ್ಮನೂ ಪ್ಯಾಕ್ ಮಾಡಿ ಕೊಡಲಿಲ್ಲ.

ಹೋದ ವರ್ಷ ಪಾರ್ಟಿ ಮುಗಿಸಿ ಲಿಫ್ಟ್ ಹತ್ತಿದಾಗ ನನ್ನ ಏಳು ವರ್ಷದ ಮಗಳು ಕೇಳಿದಳು: "ಅಪ್ಪಾ, ದೆವ್ವ ಯಾವಾಗ ಬರುತ್ತೆ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಸಲ ನನ್ನದೊಂದೇ ಬೇಡಿಕೆ. ಈಜುಕೊಳಕ್ಕೆ ಬೀಗ ಹಾಕಿ, ಕ್ಲಬ್‌ಹೌಸಿನ ದೀಪ ಅರ್ಧ ಗಂಟೆ ಆರಿಸಿ. ನಾವೆಲ್ಲ ಹೊರಗೆ ಕೂತು ಕಾಫಿ ಕುಡಿಯೋಣ. ಆಟ ಏನು ಅಂತ ಮಕ್ಕಳೇ ನೋಡ್ಕೊಳ್ತಾರೆ.