ಮೊದಲು ಟ್ರಂಕ್ ತೆಗೆದು ನೋಡಿ

ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಮುಗಿದ ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಕೂತು ಹಳೇ ಗೇಮ್ ಒಂದನ್ನು ಮತ್ತೆ ಡೌನ್‌ಲೋಡ್‌ಗೆ ಹಾಕಿದೆ. ಹೆಸರು ‘ಗಿಲ್ಡ್ ವಾರ್ಸ್ 2’. ಲಾಕ್‌ಡೌನ್ ದಿನಗಳಲ್ಲಿ, ಒಂಬತ್ತು-ಹತ್ತನೇ ತರಗತಿಯಲ್ಲಿ, ಚಿಕ್ಕಪ್ಪನ ಮಗ ಅಣ್ಣ ಕಲಿಸಿಕೊಟ್ಟ ಆಟ ಅದು. ಪಿಯುಸಿಗೆ ಸೇರಿದಾಗ ಅಪ್ಪ ಇಂಟರ್ನೆಟ್ ತೆಗೆಸಿದರು, ಆಟ ನಿಂತಿತು. ಸಿಇಟಿ ಆಯಿತು, ಸೀಟು ಸಿಕ್ಕಿತು, ಹುಬ್ಬಳ್ಳಿಗೆ ಬಂದೆ. ನಾಲ್ಕು ವರ್ಷವಾದ ಮೇಲೆ ಲಾಗಿನ್ ಆದಾಗ ನನ್ನ ರೇಂಜರ್, ಅಂದರೆ ಬಿಲ್ಲು ಹಿಡಿದು ಸಾಕುಪ್ರಾಣಿ ಜೊತೆ ಅಲೆಯುವ ಬೇಟೆಗಾರ, ಬಿಟ್ಟ ಜಾಗದಲ್ಲೇ ನಿಂತಿದ್ದ. ಮೇಲ್‌ಬಾಕ್ಸ್‌ನಲ್ಲಿ ಅವನ ಹುಟ್ಟುಹಬ್ಬಗಳ ಉಡುಗೊರೆ ಸಾಲಾಗಿ ಕೂತಿದ್ದವು. ನಾನು ಮರೆತಿದ್ದೆ, ಗೇಮ್ ಮರೆತಿರಲಿಲ್ಲ.

ಖುಷಿ ಐದೇ ನಿಮಿಷ. ಊರ ಹೊರಗೆ ಹೋಗಿ ಮೊದಲ ದೊಡ್ಡ ಪ್ರಾಣಿಯ ಎದುರು ನಿಂತೆ, ಸತ್ತೆ. ಎದ್ದು ಹೋದೆ, ಮತ್ತೆ ಸತ್ತೆ. ಆಗ ತಲೆಗೆ ಬಂದ ಯೋಚನೆ ಒಂದೇ: ನನ್ನ ಗೇರ್ ಹಳೆಯದಾಗಿದೆ, ಹೊಸದು ಬೇಕು.

ಈ ಯೋಚನೆಯೇ ತಪ್ಪು ಅನ್ನುವುದಕ್ಕೆ ಈ ಬರಹ. ರಜೆ ಸಿಕ್ಕಾಗ, ಪರೀಕ್ಷೆ ಮುಗಿದಾಗ, ಇಂಟರ್‌ವ್ಯೂಗಳ ನಡುವಿನ ಖಾಲಿ ದಿನಗಳಲ್ಲಿ ನಮ್ಮಂಥ ಅನೇಕರು ಹಳೇ ಆನ್‌ಲೈನ್ ಗೇಮ್‌ಗೆ ಮರಳುತ್ತೇವೆ. ಮರಳಿದವರು ಮೊದಲು ಕಳೆದುಕೊಳ್ಳುವುದು ದುಡ್ಡನ್ನೋ ಸಮಯವನ್ನೋ. ನಾನು ಸಮಯ ಕಳೆದುಕೊಂಡೆ, ನನ್ನ ಗೆಳೆಯ ದುಡ್ಡು ಕಳೆದುಕೊಂಡ.

ಗೇಮ್ ಆಡದವರಿಗೆ ಒಂದು ಮಾತು. ನಮ್ಮ ಪಾತ್ರ ತೊಡುವ ಕವಚ, ಹಿಡಿಯುವ ಆಯುಧ, ಹಾಕುವ ಉಂಗುರ, ಸರ ಎಲ್ಲ ಸೇರಿ ಗೇರ್. ಅದಕ್ಕೆ ದರ್ಜೆಗಳಿವೆ. ಗಿಲ್ಡ್ ವಾರ್ಸ್‌ನಲ್ಲಿ 80ನೇ ಲೆವೆಲ್ ತಲುಪಿದವರಿಗೆ ಮುಖ್ಯವಾದವು ಮೂರು: ಎಕ್ಸಾಟಿಕ್, ಅದರ ಮೇಲೆ ಅಸೆಂಡೆಡ್, ಅದರ ಮೇಲೆ ಲೆಜೆಂಡರಿ. ಎಕ್ಸಾಟಿಕ್ ಅನ್ನು ಗೇಮ್ ಒಳಗಿನ ಮಾರುಕಟ್ಟೆಯಲ್ಲಿ ಗೇಮ್‌ನದೇ ಚಿನ್ನ ಕೊಟ್ಟು ಕೊಳ್ಳಬಹುದು. ಅಸೆಂಡೆಡ್ ಕವಚವನ್ನು ಹಾಗೆ ಕೊಳ್ಳಲು ಬರುವುದಿಲ್ಲ. ನಾವೇ ತಯಾರಿಸಬೇಕೆಂದರೆ ಕುಶಲಕರ್ಮವನ್ನು 500ರ ಮಟ್ಟಕ್ಕೆ ಏರಿಸಬೇಕು, ಕೆಲವು ಸಾಮಗ್ರಿಗಳನ್ನು ದಿನಕ್ಕೆ ಒಂದರಂತೆ ಮಾತ್ರ ಮಾಡಬೇಕು. ಲೆಜೆಂಡರಿಗೆ ಇದಕ್ಕಿಂತ ಎಷ್ಟೋ ಪಟ್ಟು ದುಡಿಮೆ. ಆದರೆ ಅಂಕಿಯಲ್ಲಿ ಅದು ಅಸೆಂಡೆಡ್‌ಗೆ ಸಮ. ಗುಣಗಳನ್ನು ಬೇಕಾದಾಗ ಬದಲಿಸಿಕೊಳ್ಳುವ ಅನುಕೂಲ ಮಾತ್ರ ಹೆಚ್ಚು.

ಎಕ್ಸಾಟಿಕ್‌ಗೂ ಅಸೆಂಡೆಡ್‌ಗೂ ಕವಚ ಮತ್ತು ಆಯುಧದಲ್ಲಿ ಇರುವ ಅಂತರ ಸುಮಾರು ಶೇ 5. ಇಷ್ಟೇ. ಈ 5ಕ್ಕಾಗಿ ನಾನು ಮೂರು ವಾರ ಮರ ಕಡಿದೆ, ಚರ್ಮ ಸುಲಿದೆ, ಅದಿರು ಅಗೆದೆ. ಐದನೇ ಸೆಮಿಸ್ಟರ್ ಶುರುವಾಗಿತ್ತು. ‘ಇವತ್ತಿನ ಸಾಮಗ್ರಿ ಇವತ್ತೇ ಮಾಡದಿದ್ದರೆ ಒಂದು ದಿನ ಹೋಯಿತು’ ಅನ್ನುವ ಭಯದಲ್ಲಿ ದಿನಾ ರಾತ್ರಿ ಲಾಗಿನ್. ಕೊನೆಗೆ ಅಸೆಂಡೆಡ್ ಬಿಲ್ಲು ಬಂತು. ಅದೇ ವಾರ ಮೊದಲ ಇಂಟರ್ನಲ್ಸ್ ಅಂಕವೂ ಬಂತು. ಒಂದು ವಿಷಯದಲ್ಲಿ 50ಕ್ಕೆ 14. ಹೊಸ ಬಿಲ್ಲು ಹಿಡಿದು ಅದೇ ದೊಡ್ಡ ಪ್ರಾಣಿಯ ಎದುರು ಹೋದೆ. ಮತ್ತೆ ಸತ್ತೆ.

ಸತ್ತದ್ದೇಕೆ ಅಂತ ಕೂತು ನೋಡಿದಾಗ ಎರಡು ಕಾರಣ ಸಿಕ್ಕವು. ಎರಡೂ ಬಿಲ್ಲಿಗೆ ಸಂಬಂಧಿಸಿದ್ದಲ್ಲ.

ಮೊದಲನೆಯದು, ನಾನು ಇಲ್ಲದಿದ್ದಾಗ ಗೇಮ್‌ನ ನಿಯಮ ಬದಲಾಗಿತ್ತು. ಮೊದಲೆಲ್ಲ ಕವಚದ ಆರು ತುಣುಕಿಗೂ ಒಂದೇ ಬಗೆಯ ರೂನ್ ಕೂರಿಸಿದರೆ ಆರನೆಯದಕ್ಕೆ ಒಂದು ವಿಶೇಷ ಶಕ್ತಿ ಬರುತ್ತಿತ್ತು. 2023ರ ಆಗಸ್ಟ್‌ನಲ್ಲಿ ‘ಸೀಕ್ರೆಟ್ಸ್ ಆಫ್ ದಿ ಅಬ್ಸ್‌ಕ್ಯೂರ್’ ಬಂದಾಗ ಆ ಶಕ್ತಿಯನ್ನು ರೂನ್‌ನಿಂದ ತೆಗೆದು ‘ರೆಲಿಕ್’ ಎಂಬ ಪ್ರತ್ಯೇಕ ವಸ್ತುವಿಗೆ ಕೊಟ್ಟರು. ಅದಕ್ಕೆಂದೇ ಹೊಸ ಜಾಗ ಬಂದಿತ್ತು. ನನ್ನ ರೇಂಜರ್‌ನದು ಖಾಲಿ. ಮೂರು ವಾರ ಬೆವರು ಹರಿಸಿದವನು ಆ ಖಾಲಿ ಚೌಕವನ್ನು ನೋಡಿಯೇ ಇರಲಿಲ್ಲ! ಸಾಮಾನ್ಯ ರೆಲಿಕ್ ಒಂದನ್ನು ಮಾರುಕಟ್ಟೆಯಲ್ಲಿ ಕೊಂಡು ಹಾಕಲು ಎರಡು ನಿಮಿಷ ಸಾಕಾಯಿತು.

ಎರಡನೆಯದು ನಮ್ಮ ಊರಿನ ಕಾರಣ. ಈ ಗೇಮ್‌ನ ಸರ್ವರ್‌ಗಳು ಇರುವುದು ಉತ್ತರ ಅಮೆರಿಕ ಮತ್ತು ಯುರೋಪಿಗೆ, ಭಾರತಕ್ಕೆ ಇಲ್ಲ. ಹಾಸ್ಟೆಲ್ ವೈಫೈನಲ್ಲಿ ನನ್ನ ಪಿಂಗ್ 200ರಿಂದ 250 ಮಿಲಿಸೆಕೆಂಡ್. ಶತ್ರು ಕೈ ಎತ್ತಿದ್ದು ನನಗೆ ತಡವಾಗಿ ಕಾಣುತ್ತದೆ, ನಾನು ಒತ್ತಿದ ಕೀ ಅಲ್ಲಿಗೆ ತಡವಾಗಿ ಮುಟ್ಟುತ್ತದೆ. ಹಾರಿ ತಪ್ಪಿಸಿಕೊಂಡರೆ ಪೆಟ್ಟು ತಾಗದಿರುವುದು ಮುಕ್ಕಾಲು ಸೆಕೆಂಡ್ ಮಾತ್ರ. ನಾನು ಹಾರುವ ಹೊತ್ತಿಗೆ ಪೆಟ್ಟು ಬಿದ್ದಾಗಿರುತ್ತದೆ. ನಾನು ಹಾಕಿದ್ದು ‘ಬರ್ಸರ್ಕರ್’ ಗುಣದ ಕವಚ. ಹೊಡೆತ, ನಿಖರತೆ, ಉಗ್ರತೆ ಅಷ್ಟೇ ಅದರಲ್ಲಿ. ಪ್ರಾಣ ಉಳಿಸುವ ಒಂದು ಅಂಕಿಯೂ ಇಲ್ಲ. ಗೈಡ್‌ಗಳೆಲ್ಲ ‘ಇದೇ ಶ್ರೇಷ್ಠ’ ಅಂದಿದ್ದವು. ಫ್ರಾಂಕ್‌ಫರ್ಟ್‌ನಲ್ಲಿ ಕೂತವನಿಗೆ ಅದು ಶ್ರೇಷ್ಠವೇ. ವಿದ್ಯಾನಗರದ ಹಾಸ್ಟೆಲ್‌ನಲ್ಲಿ, ನಲವತ್ತು ಹುಡುಗರು ಒಂದೇ ವೈಫೈ ಹಂಚಿಕೊಳ್ಳುವಾಗ, ಅಲ್ಲ.

ಪರಿಹಾರ ನನ್ನ ಬ್ಯಾಂಕಿನಲ್ಲೇ ಇತ್ತು. ಗೇಮ್‌ನಲ್ಲಿ ವಸ್ತು ಕೂಡಿಡುವ ಪೆಟ್ಟಿಗೆಗೆ ಬ್ಯಾಂಕ್ ಅನ್ನುತ್ತಾರೆ. ಹತ್ತನೇ ತರಗತಿಯಲ್ಲಿದ್ದಾಗ ಸಿಕ್ಕಿ, ‘ಇದು ದಂಡ’ ಅಂತ ಎಸೆದಿಟ್ಟಿದ್ದ ‘ಮರಾಡರ್’ ಗುಣದ ಎಕ್ಸಾಟಿಕ್ ತುಣುಕುಗಳು ಅಲ್ಲಿ ಬಿದ್ದಿದ್ದವು. ಅದರಲ್ಲಿ ಹೊಡೆತ, ನಿಖರತೆಗಳ ಜೊತೆಗೆ ಪ್ರಾಣಶಕ್ತಿಯೂ ಇದೆ. ಮೂರು ತುಣುಕು ಬದಲಿಸಿದೆ. ಆ ರಾತ್ರಿ ದೊಡ್ಡ ಪ್ರಾಣಿ ಸತ್ತಿತು, ನಾನು ಬದುಕಿದೆ.

ಆಗ ನೆನಪಾದದ್ದು ನಮ್ಮ ಅವ್ವ. ಪ್ರತಿ ವರ್ಷ ಶಾಲೆ ಶುರುವಾಗುವ ಮುಂಚೆ ನಾವು ಹೊಸ ಯೂನಿಫಾರ್ಮ್ ಅಂತ ಕುಣಿಯುತ್ತಿದ್ದೆವು. ಅವ್ವ ಜಗ್ಗುತ್ತಿರಲಿಲ್ಲ. ‘ಮೊದಲ ಟ್ರಂಕ್ ತಗದ ನೋಡೋಣು, ಆಮ್ಯಾಲ ಅಂಗಡಿ’ ಅನ್ನುತ್ತಿದ್ದಳು. ಒಂದು ಅಂಗಿಯ ಮಡಿಕೆ ಬಿಚ್ಚಿ ಉದ್ದ ಮಾಡುವಳು, ಒಂದಕ್ಕೆ ಗುಂಡಿ ಹಚ್ಚುವಳು, ಅಣ್ಣನದನ್ನು ನನಗೆ ಹಿಡಿಸುವಳು. ನಿಜವಾಗಿ ಏನು ಕಡಿಮೆ ಬಿದ್ದಿದೆಯೋ ಅದೊಂದನ್ನೇ ಸಂತೆಯಲ್ಲಿ ಕೊಳ್ಳುವಳು. ಮರಳಿ ಬಂದ ಆಟಗಾರನಿಗೆ ಇದಕ್ಕಿಂತ ಒಳ್ಳೆಯ ಗೈಡ್ ನನಗೆ ಇನ್ನೂ ಸಿಕ್ಕಿಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು. ಮೊದಲ ವಾರ ಏನನ್ನೂ ಕೊಳ್ಳಬೇಡಿ, ಏನನ್ನೂ ಮಾರಬೇಡಿ. ಬ್ಯಾಂಕ್, ಮೇಲ್, ಚೀಲ ಎಲ್ಲ ತೆಗೆದು ನೋಡಿ. ಖಾಲಿ ಜಾಗ ಯಾವುದಿದೆ, ಬದಲಾದ ನಿಯಮ ಯಾವುದಿದೆ ತಿಳಿಯಿರಿ. ಬಳಿಕ ಮೂರು ಪ್ರಶ್ನೆ ಕೇಳಿಕೊಳ್ಳಿ. ನಾನು ಈಗ ಆಡುವುದು ಏನು, ಒಬ್ಬನೇ ಅಲೆಯುವುದೋ, ಗುಂಪಿನಲ್ಲಿ ಕಾದುವುದೋ? ವಾರಕ್ಕೆ ನನ್ನ ಹತ್ತಿರ ಎಷ್ಟು ಗಂಟೆ ಇದೆ? ನನ್ನ ಇಂಟರ್ನೆಟ್ ಹೇಗಿದೆ? ಉತ್ತರ ಸಿಕ್ಕ ಮೇಲೆ ಗೇರ್ ಆರಿಸುವುದು ಕಷ್ಟವಲ್ಲ. ಒಬ್ಬರೇ ಆಡುವವರಿಗೆ ಎಕ್ಸಾಟಿಕ್ ಧಾರಾಳ ಸಾಕು. ಪಿಂಗ್ ಹೆಚ್ಚಿದ್ದರೆ ಮರಾಡರ್, ಅಥವಾ ಎಲ್ಲ ಗುಣ ಸ್ವಲ್ಪ ಸ್ವಲ್ಪ ಇರುವ ‘ಸೆಲೆಸ್ಟಿಯಲ್’. ಅಸೆಂಡೆಡ್ ಬೇಕೇ ಬೇಕು ಅನ್ನಿಸಿದರೆ ಉಂಗುರ, ಸರದಿಂದ ಶುರು ಮಾಡಿ. ಬಿಟರ್‌ಫ್ರಾಸ್ಟ್ ಫ್ರಾಂಟಿಯರ್‌ನಂಥ ಹಿಮದ ನಾಡಿನಲ್ಲಿ ಗಿಡದಿಂದ ಬೆರ್ರಿ ಬಿಡಿಸಿ ಕೊಟ್ಟರೂ ಅವು ಸಿಗುತ್ತವೆ. ಆಮೇಲೆ ಆಯುಧ, ಕಟ್ಟಕಡೆಗೆ ಕವಚ. ನಾನು ಮಾಡಿದ್ದು ಉಲ್ಟಾ.

ನಮ್ಮ ಸೀನಿಯರ್ ಒಬ್ಬರು ಇದನ್ನು ಒಪ್ಪುವುದಿಲ್ಲ. ‘ಮಾಡೋದಾದ್ರ ಒಮ್ಮೆ ಸರಿಯಾಗಿ ಮಾಡಲೇ ತಮ್ಮಾ. ಅಸೆಂಡೆಡ್ ಒಂದ್ಸಲ ಬಂದ್ರ ಜೀವನಪರ್ಯಂತ’ ಅನ್ನುತ್ತಾರೆ. ಮಾತು ಸುಳ್ಳಲ್ಲ. ಈ ಗೇಮ್ ಬಂದದ್ದು 2012ರ ಆಗಸ್ಟ್‌ನಲ್ಲಿ. ಅಸೆಂಡೆಡ್ ದರ್ಜೆ ಬಂದದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಅಂಕಿಯಲ್ಲಿ ಅದನ್ನು ಮೀರಿಸುವ ದರ್ಜೆ ಬಂದಿಲ್ಲ, ಗರಿಷ್ಠ ಲೆವೆಲ್ ಕೂಡ 80ಕ್ಕೇ ನಿಂತಿದೆ. ‘ಫ್ರಾಕ್ಟಲ್’ ಎಂಬ ಐವರ ಕಾಳಗದ ಮೇಲಿನ ಮಟ್ಟಗಳಿಗೆ ಹೋಗುವವರಿಗೆ ಅಸೆಂಡೆಡ್ ನಿಜಕ್ಕೂ ಬೇಕು. ಅಲ್ಲಿ ‘ಅಗನಿ’ ಎಂಬ ಕಾಟ ತಡೆಯುವ ಹರಳು ಕೂರಿಸಲು ಜಾಗ ಇರುವುದು ಆ ದರ್ಜೆಯ ಗೇರ್‌ನಲ್ಲೇ.

ಆದರೆ ಸೀನಿಯರ್ ಹೇಳಿದ ಕಾರಣವೇ ನನ್ನ ವಾದಕ್ಕೂ ಆಧಾರ. ಜೀವನಪರ್ಯಂತ ಇರುವ ವಸ್ತುವಿಗೆ ಇಂಟರ್ನಲ್ಸ್ ವಾರದಲ್ಲೇ ಯಾಕೆ ಅವಸರ? ಇವತ್ತು ಮಾಡಿದರೂ ಮುಂದಿನ ವರ್ಷ ಮಾಡಿದರೂ ಅದರ ಬೆಲೆ ಅಷ್ಟೇ.

‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಡುವವರ ಲೆಕ್ಕ ಬೇರೆ. ಅಲ್ಲಿ ಸೀಸನ್‌ನಿಂದ ಸೀಸನ್‌ಗೆ ಗೇರ್‌ನ ಅಂಕಿ ಏರುತ್ತಲೇ ಹೋಗುತ್ತದೆ. 2007ರ ಜನವರಿಯಲ್ಲಿ ಅದರ ಮೊದಲ ವಿಸ್ತರಣೆ ‘ದಿ ಬರ್ನಿಂಗ್ ಕ್ರುಸೇಡ್’ ಬಂದಾಗ, 40 ಜನ ಸೇರಿ ತಿಂಗಳುಗಟ್ಟಲೆ ಕಾದಾಡಿ ಗಳಿಸಿದ ನೇರಳೆ ಬಣ್ಣದ ಗೇರ್ ಎಷ್ಟೋ ಜನರಿಗೆ ಹೊಸ ನಾಡಿನ ಸಾಮಾನ್ಯ ಹಸಿರು ಗೇರ್ ಎದುರು ಬೆಲೆ ಕಳೆದುಕೊಂಡಿತ್ತು. ಅಂಥ ಗೇಮ್‌ಗೆ ಮರಳುವವರು ಹಳೆಯದನ್ನು ಹಿಡಿದು ಕೂರುವಂತಿಲ್ಲ, ಒಪ್ಪುತ್ತೇನೆ. ಆದರೆ ಅಲ್ಲಿ ಹೊಸ ನಾಡಿನ ಮೊದಲ ಕೆಲಸಗಳೇ ಬೇಕಾದ ಗೇರ್ ಕೊಡುತ್ತವೆ. ಮುಂದಿನ ಸೀಸನ್‌ಗೆ ಹಳತಾಗುವ ಶ್ರೇಷ್ಠ ಕತ್ತಿಯ ಹಿಂದೆ ನಿದ್ದೆಗೆಡುವುದು ಅಲ್ಲಿ ಇನ್ನೂ ದೊಡ್ಡ ನಷ್ಟ. ಅಂದರೆ ಗೇರ್ ಹಳತಾಗದ ಗೇಮ್‌ನಲ್ಲಿ ಅವಸರ ಬೇಕಿಲ್ಲ, ಹಳತಾಗುವ ಗೇಮ್‌ನಲ್ಲಿ ಅವಸರ ಮಾಡಿ ಫಲವಿಲ್ಲ.

ಇನ್ನು ಗೆಳೆಯನ ಕತೆ. ಅವನೂ ನನ್ನ ಜೊತೆಗೇ ಮರಳಿದವ. ದುಡಿದು ಗಳಿಸುವ ತಾಳ್ಮೆ ಇರಲಿಲ್ಲ. ಕಡಿಮೆ ಬೆಲೆಗೆ ಗೇಮ್ ಚಿನ್ನ ಮಾರುವ ಯಾವುದೋ ವೆಬ್‌ಸೈಟ್ ಸಿಕ್ಕಿತು. ಮೆಸ್ ಬಿಲ್‌ಗೆಂದು ಮನೆಯಿಂದ ಬಂದಿದ್ದ ದುಡ್ಡಿನಲ್ಲಿ 1,800 ರೂಪಾಯಿ ಕಳಿಸಿದ. ಚಿನ್ನ ಬಂತು, ಹೊಳೆಯುವ ಗೇರ್ ಬಂತು, ಮೂರು ದಿನ ರೂಮಿಗೆ ಕರೆದು ಕರೆದು ತೋರಿಸಿದ. ಹತ್ತನೇ ದಿನ ಅಕೌಂಟ್ ಬಂದ್. ಹೊರಗಿನವರಿಂದ ಚಿನ್ನ ಕೊಳ್ಳುವುದು ಗೇಮ್ ನಿಯಮಕ್ಕೆ ವಿರುದ್ಧ. ದುಡ್ಡು ಕೊಟ್ಟು ಜೆಮ್ ಕೊಂಡು ಅದನ್ನು ಚಿನ್ನ ಮಾಡಿಕೊಳ್ಳುವ ಅಧಿಕೃತ ದಾರಿ ಗೇಮ್ ಒಳಗೇ ಇದೆ. ಅದೂ ಅವನಿಗೆ ಬೇಕಿರಲಿಲ್ಲ. ಅವನ ಹಳೇ ಗೇರ್‌ಗೆ ಕಡಿಮೆ ಬಿದ್ದಿದ್ದೂ ನನ್ನ ಹಾಗೆ ಒಂದು ರೆಲಿಕ್ ಮಾತ್ರ. ಆ ತಿಂಗಳು ಅವನು ರಾತ್ರಿ ನಮ್ಮ ರೂಮಿಗೆ ಬಂದು ಅವಲಕ್ಕಿ ತಿನ್ನುತ್ತಿದ್ದ. ಮನೆಗೆ ಇವತ್ತಿಗೂ ಹೇಳಿಲ್ಲ.

ಗೇಮ್ ಆಡಬೇಡಿ ಅಂತ ನಾನು ಹೇಳುತ್ತಿಲ್ಲ. ವಾರಪೂರ್ತಿ ಲ್ಯಾಬ್, ರೆಕಾರ್ಡ್, ಅಸೈನ್‌ಮೆಂಟ್ ಅಂತ ತಿರುಗುವವನಿಗೆ ಶನಿವಾರದ ಎರಡು ಗಂಟೆ ದೊಡ್ಡದು. ಬೇಡ ಅನ್ನುತ್ತಿರುವುದು, ಆಡುವ ಮೊದಲೇ ಗೇರ್ ಕೂಡಿಸುವ ಹುಚ್ಚನ್ನು. ನಾನು ಬಿಟ್ಟುಹೋದಾಗ ಹದಿನಾರರ ಹುಡುಗ, ದಿನಕ್ಕೆ ಆರು ಗಂಟೆ ಬಿಡುವಿತ್ತು. ಈಗ ಇಪ್ಪತ್ತು, ಮುಂದಿನ ವರ್ಷ ಪ್ಲೇಸ್‌ಮೆಂಟ್, ಬ್ಯಾಕ್‌ಲಾಗ್ ಇದ್ದರೆ ಎಷ್ಟೋ ಕಂಪನಿಗಳು ಪರೀಕ್ಷೆಗೂ ಕೂರಿಸುವುದಿಲ್ಲ. ಆ ಹುಡುಗನ ಆಸೆಗೆ ಈ ಹುಡುಗನ ಸಮಯ ಕೊಡುತ್ತಿದ್ದೆ. ತಪ್ಪಾದದ್ದು ಅಲ್ಲೇ.

ಕೋಡಿಂಗ್‌ಗೆ ಆರು ತಿಂಗಳ ಬಳಿಕ ಮರಳಿದಾಗಲೂ ನಾನು ಹೀಗೇ ಮಾಡಿದ್ದೆ. ಮೊದಲು ಹೊಸ ಕೋರ್ಸ್ ಹುಡುಕಿದೆ, ಹೊಸ ಲ್ಯಾಪ್‌ಟಾಪ್ ಬೇಕು ಅಂತ ಮನೆಯಲ್ಲಿ ಜಗಳ ಮಾಡಿದೆ. ಎರಡನೇ ಸೆಮಿಸ್ಟರ್‌ನಲ್ಲಿ ಅರ್ಧ ಮಾಡಿಟ್ಟ ಪ್ರಾಜೆಕ್ಟ್ ಅದೇ ಹಳೇ ಲ್ಯಾಪ್‌ಟಾಪ್‌ನಲ್ಲಿ ಬಿದ್ದಿತ್ತು, ತೆಗೆದೇ ನೋಡಿರಲಿಲ್ಲ. ಈಗ ಅದನ್ನೇ ಮುಗಿಸುತ್ತಿದ್ದೇನೆ.

ಎರಡನೇ ಇಂಟರ್ನಲ್ಸ್‌ನಲ್ಲಿ ಆ ವಿಷಯಕ್ಕೆ 37 ಬಂತು. ರೇಂಜರ್ ಈಗ ಶನಿವಾರ ರಾತ್ರಿ ಮಾತ್ರ ಹೊರಡುತ್ತಾನೆ. ಮೈಮೇಲೆ ಮೂರು ತುಣುಕು ಮರಾಡರ್, ಮೂರು ತುಣುಕು ಬರ್ಸರ್ಕರ್. ಬಣ್ಣಕ್ಕೆ ಬಣ್ಣ ಕೂಡುವುದಿಲ್ಲ. ಮೊನ್ನೆ ಅಣ್ಣ ಬೆಂಗಳೂರಿನಿಂದ ಲಾಗಿನ್ ಆಗಿ ನೋಡಿ ನಕ್ಕ: ‘ಏನಲೇ ಇದು, ತೇಪೆ ಹಚ್ಚಿದ ಅಂಗಿ ಹಂಗ ಕಾಣ್ತಾನಲ್ಲೋ!’

ತೇಪೆಯೇ. ಆದರೆ ಆ ರಾತ್ರಿ ಇಬ್ಬರೂ ಎರಡು ಗಂಟೆ ಆಡಿದೆವು. ಅಣ್ಣ ನಾಲ್ಕು ಸಲ ಸತ್ತ, ನಾನು ಒಂದೇ ಸಲ.