ಕಡತದೊಡನೆ ವಲಸೆ

ಪಾಲಾಗಿ ಬೇರೆ ಮನೆ ಹೂಡುವವರಿಗೆ ಪಾತ್ರೆಪಡಗಗಳನ್ನು ಸಾಗಿಸುವುದು ಸುಲಭ. ಮನೆತನದ ಕಡತವನ್ನು ಸಾಗಿಸುವುದು ಕಷ್ಟ. ಫಿನ್ಲೆಂಡಿನ ಮೈಕೆಲ್ ವಿಡೇನಿಯಸ್ ಹಿರಿಯ ಮಗಳ ಹೆಸರಿಟ್ಟು ಬೆಳೆಸಿದ್ದ ಮೈಎಸ್‌ಕ್ಯೂಎಲ್ ತಂತ್ರಾಂಶವು ಪರರ ಕೈಸೇರಿದ ಮೇಲೆ, 2009ರಲ್ಲಿ ಅದರಿಂದ ಕವಲೊಡೆದು ಕಿರಿಯ ಮಗಳ ಹೆಸರಿನ ಮರಿಯಾಡಿಬಿಯನ್ನು ಕಟ್ಟಿದರು. 2014ರಲ್ಲಿ ಅದರ ಬರಹವು ಬಜಾರ್ ಎಂಬ ದಾಖಲೆ ವ್ಯವಸ್ಥೆಯಿಂದ, ಲೀನಸ್ ಟೋರ್ವಾಲ್ಡ್ಸರು 2005ರಲ್ಲಿ ರಚಿಸಿದ ಗಿಟ್‌ಗೆ ವಲಸೆಹೋಯಿತು.

ಕಡೆಯ ಪ್ರತಿಯೊಂದನ್ನೇ ಒಯ್ದಿದ್ದರೂ ಯಂತ್ರ ನಡೆಯುತ್ತಿತ್ತು. ಆದರೆ ಯಾವ ಸಾಲನ್ನು ಯಾರು, ಎಂದು, ಏಕೆ ತಿದ್ದಿದರೆಂಬುದು ಅಳಿದರೆ ದೋಷದ ಬೇರನ್ನು ಹುಡುಕುವವನಿಗೆ ದಾರಿ ಕಾಣದು. ದುಡಿದವರ ಋಣವೂ ಮರೆತುಹೋದೀತು. ಸಂತೋಷದ ಸಂಗತಿಯೆಂದರೆ, ಕವಲಿಗೆ ಹಿಂದಿನ ಮೈಎಸ್‌ಕ್ಯೂಎಲ್ ಕಾಲದ ತಿದ್ದುಪಡಿಗಳೂ ಕರ್ತೃಗಳ ಹೆಸರುಸಹಿತ ಹೊಸ ಮನೆಗೆ ಬಂದವು. ಪಾಲಾದವರು ಪಿತೃಗಳನ್ನು ಮರೆಯಬೇಕಾಗಿಲ್ಲವಷ್ಟೆ!