ಫಿಕ್ಸೆಡ್ ರೇಟೋ, ಫ್ಲೋಟಿಂಗ್ ರೇಟೋ?

ಮೊನ್ನೆ ಭಾನುವಾರ ಹುಬ್ಬಳ್ಳಿ ಕಡೆಯ ಗೆಳೆಯರೊಬ್ಬರು ಮನೆಗೆ ಬಂದಿದ್ದರು. ಪುಣೆಗೆ ನನಗಿಂತ ಎರಡು ವರ್ಷ ಮೊದಲು ಬಂದವರು. ಅವರ ಮಗ ಬರ್ಮಿಂಗ್‌ಹ್ಯಾಂನಲ್ಲಿ ಸ್ಕಿಲ್ಡ್ ವರ್ಕರ್ ವೀಸಾ ಮೇಲೆ ಕೆಲಸದಲ್ಲಿದ್ದಾನೆ. ಅಲ್ಲಿ ಮನೆ ಕೊಳ್ಳುವ ಆಸೆ ಅವನಿಗೆ. "ಏನ್ರೀ, ಎಫ್‌ಡಿ ಮುರಿದು ದುಡ್ಡು ಕಳಿಸ್ಲೇನು?" ಅಂತ ಕೇಳಿದರು.

ಐದು ವರ್ಷಕ್ಕೆ ಕಾಯಂ ವಾಸದ ಹಕ್ಕು ಸಿಗುತ್ತದೆ ಅಂತ ಹೋದ ಹುಡುಗ ಅವನು. 2025ರ ಮೇ ತಿಂಗಳಲ್ಲಿ ಬ್ರಿಟಿಷ್ ಸರ್ಕಾರ ಅದನ್ನು ಹತ್ತು ವರ್ಷ ಮಾಡುವ ಮಾತೆತ್ತಿತು. ನವೆಂಬರಿನಲ್ಲಿ, ಈಗಾಗಲೇ ಅಲ್ಲಿದ್ದು ಇನ್ನೂ ಹಕ್ಕು ಸಿಗದವರಿಗೂ ಇದನ್ನು ಅನ್ವಯಿಸುವ ಪ್ರಸ್ತಾಪ ಮುಂದಿಟ್ಟಿತು.

ಈ ಸಿನಿಮಾ ಒಮ್ಮೆ ನೋಡಿದ್ದೇವೆ. 2002ರಲ್ಲಿ ಬ್ರಿಟನ್ ಎಚ್‌ಎಸ್‌ಎಂಪಿ ಅನ್ನೋ ಯೋಜನೆ ತಂತು. ಕೈಯಲ್ಲಿ ಕೆಲಸ ಇಲ್ಲದಿದ್ದರೂ ಓದು, ಅನುಭವ ನೋಡಿ ಪಾಯಿಂಟ್ ಕೊಟ್ಟು ಕರೆಸಿಕೊಳ್ಳುತ್ತಿದ್ದರು. ನಮ್ಮವರೂ ಬಹಳ ಮಂದಿ ಹೋದರು. ಬ್ರಿಟನ್ನನ್ನೇ ಮುಖ್ಯ ಮನೆ ಮಾಡಿಕೊಳ್ಳುತ್ತೇನೆ ಅಂತ ಬರೆದುಕೊಡಬೇಕಿತ್ತು. ಇಲ್ಲಿಯ ನೌಕರಿ ಬಿಟ್ಟು ಹೋದವರಿಗೆ 2006ರ ನವೆಂಬರಿನಲ್ಲಿ ಹೊಸ ನಿಯಮ ಬಂತು. ವೀಸಾ ಮುಂದುವರಿಸಲು ವಯಸ್ಸು, ಡಿಗ್ರಿ, ಸಂಬಳದ ಮೇಲೆ ಮತ್ತೆ ಪಾಯಿಂಟ್ ಗಳಿಸಬೇಕು!

ಅವರು ಒಂದು ಸಂಘ ಕಟ್ಟಿ ಕೋರ್ಟಿಗೆ ಹೋದರು. 2008ರ ಏಪ್ರಿಲಿನಲ್ಲಿ ಲಂಡನ್ನಿನ ಹೈಕೋರ್ಟ್, ಯೋಜನೆಯೊಳಗೆ ಆಗಲೇ ಬಂದವರಿಗೆ ಹಳೆಯ ಷರತ್ತೇ ನಡೆಯಬೇಕು, ಇಲ್ಲದಿದ್ದರೆ ಅದು ಅಧಿಕಾರದ ದುರ್ಬಳಕೆ ಅಂತ ತೀರ್ಪು ಕೊಟ್ಟಿತು. ಮರುವರ್ಷ ಇನ್ನೊಂದು ತೀರ್ಪಿನಲ್ಲಿ, 2006ರ ಏಪ್ರಿಲ್‌ಗೂ ಮೊದಲು ಸೇರಿದವರಿಗೆ ಕಾಯಂ ವಾಸಕ್ಕೆ ಐದಲ್ಲ, ನಾಲ್ಕೇ ವರ್ಷ ಅಂತಾಯಿತು. ಆದರೆ ಮೊದಲ ತೀರ್ಪು ಬರುವ ಹೊತ್ತಿಗೇ ಒಂದೂವರೆ ವರ್ಷ ಹೋಗಿತ್ತು ನೋಡಿ. ಅಷ್ಟು ದಿನ ವಕೀಲರ ಫೀಸು ಕಟ್ಟುತ್ತಾ, ಬಾಡಿಗೆ ಮನೆಯಲ್ಲಿ ಕಾಯುವ ತಾಕತ್ತು ಎಲ್ಲರಿಗೂ ಇರುತ್ತದೆಯೇ?

ನನ್ನ ಬ್ಯಾಂಕ್ ಬುದ್ಧಿಗೆ ಇದು ಹೀಗೆ ಕಾಣುತ್ತದೆ. ಹೊಸ ಗಿರಾಕಿಗೆ ಬಡ್ಡಿ ದರ ಏನು ಬೇಕಾದರೂ ಇಡಲಿ, ಅದು ಅವರ ದೇಶ, ಅವರ ಇಷ್ಟ. ಫಿಕ್ಸೆಡ್ ರೇಟ್ ಅಂತ ಸಹಿ ಹಾಕಿಸಿಕೊಂಡು ಮೂರನೇ ವರ್ಷ ಫ್ಲೋಟಿಂಗ್ ಅನ್ನುವುದು ಸರಿಯಲ್ಲ. ನಮ್ಮ ಬ್ರಾಂಚಿನಲ್ಲಿ ಹಾಗೆ ಮಾಡಿದರೆ ಗಿರಾಕಿ ಸುಮ್ಮನಿರುತ್ತಾನೆಯೇ?

ಆದರೂ ಗೆಳೆಯರಿಗೆ ಧೈರ್ಯ ತುಂಬಲು ಆ ತೀರ್ಪು ಸಾಲದು. ನಿಯಮ ಬದಲಾದರೂ ನಿಮಗೆ ತೊಂದರೆ ಇಲ್ಲ ಅನ್ನುವ ಮಾತು ಆ ಯೋಜನೆಯ ಮಾರ್ಗದರ್ಶಿಯಲ್ಲೇ ಅಚ್ಚಾಗಿತ್ತು. ಕೋರ್ಟ್ ಹಿಡಿದದ್ದು ಅದನ್ನೇ. ಏಜೆಂಟ್ ಬಾಯಲ್ಲಿ ಹೇಳಿದ್ದು, ಎಲ್ಲರೂ ಅಂದುಕೊಂಡದ್ದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಅವರು ಅಲ್ಲೇ ಕೂತು ಮಗನಿಗೆ ಫೋನ್ ಮಾಡಿ, ವೀಸಾ ಕೊಟ್ಟಾಗಿನ ಕಾಗದ ಒಂದೂ ಬಿಡದೆ ಜೋಪಾನವಾಗಿ ಇಟ್ಟುಕೋ ಅಂದರು. ಎಫ್‌ಡಿ ಮಾರ್ಚಿಗೆ ಮೆಚ್ಯೂರ್ ಆಗುತ್ತದಂತೆ. ಅಲ್ಲಿಯವರೆಗೆ ಮುರಿಯುವುದಿಲ್ಲ ಅಂದು ಚಹಾ ಕುಡಿದು ಹೊರಟರು.